ಸಹಾಯ ಬೇಕು: ಹೊಸ ಲೀಫ್ ಬ್ಲೋವರ್ ಚೋಕ್ ತೆಗೆದರೆ ನಿಲ್ಲುತ್ತಿದೆ

ನಮಸ್ಕಾರ. ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಹಿತ್ತಲ ತುಂಬಾ ಓಕ್ ಮರ. ಎಲೆ ಗೋರಿ ಗೋರಿ ಸೊಂಟ ಬಿದ್ದುಹೋಯಿತು. ಕೊನೆಗೆ ತಳ್ಳಿಕೊಂಡು ಹೋಗುವ ಲೀಫ್ ಬ್ಲೋವರ್, ಅಂದರೆ ಗಾಳಿಯಿಂದ ಎಲೆ ಊದುವ ಯಂತ್ರ ತರಿಸಿದೆ. ಗ್ಯಾಸ್‌ನದ್ದು, ಅಂದರೆ ಪೆಟ್ರೋಲಿನದ್ದು. ಊರಲ್ಲಿರುವ ಅಮ್ಮ ಸಿಲಿಂಡರ್ ಅಂದುಕೊಂಡಿದ್ದಾರೆ!

ಚಕ್ರ, ಹ್ಯಾಂಡಲ್ ನಾನೇ ಕೂರಿಸಿದೆ. ಫೋರ್ ಸ್ಟ್ರೋಕ್ ಎಂಜಿನ್, ಆಯಿಲ್ ಇಲ್ಲದೆ ಬಂದಿತ್ತು. ಸದ್ಯ, ಮೊದಲೇ ನೋಡಿ ಹಾಕಿದೆ. ಪಕ್ಕದ ಮನೆಯವರು ಪೆಟ್ರೋಲಿಗೂ ಆಯಿಲ್ ಬೆರೆಸು ಅನ್ನುತ್ತಾರೆ. ಅವರದ್ದು ಬೆನ್ನಿಗೆ ಹಾಕಿಕೊಳ್ಳುವ ಟೂ ಸ್ಟ್ರೋಕ್. ಇದಕ್ಕೆ ಬೆರೆಸಬಾರದು ಅಲ್ವಾ?

ಈಗ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆ. ಹಾಕಿದ್ದು ಕಳೆದ ಬೇಸಿಗೆಯಲ್ಲಿ ಉಳಿದ ಪೆಟ್ರೋಲ್, ಶೇ. 10 ಎಥನಾಲ್ ಇರುವುದು. ಅದನ್ನು ತೆಗೆದು ಹೊಸದು ಹಾಕಿದರೆ ಸಾಕಾ, ಕಾರ್ಬ್ಯುರೇಟರ್ ಬಿಚ್ಚಬೇಕಾ? ಹ್ಯಾಂಡಲ್ ಕೂರಿಸುವಾಗ ಥ್ರಾಟಲ್ ಕೇಬಲ್ ಸ್ವಲ್ಪ ಮಡಚಿತ್ತು, ಆ ಅನುಮಾನವೂ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ. ಮಳೆ ಬಂದು ಎಲೆ ನೆನೆದರೆ ಊದುವುದು ಕಷ್ಟ.