ಹಳೆಯ ಬಿದಿರಿನ ಫ್ಲೈ ರಾಡ್: ವಾರ್ನಿಷ್ ಪೂರ್ತಿ ಕೆರೆಯಬೇಕೇ?

ತಿಳಿನೀರು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಆರು ಬಿದಿರಿನ ಸೀಳುಗಳನ್ನು ಅಂಟಿಸಿ ಮಾಡಿದ ಹಳೆಯ ಫ್ಲೈ ರಾಡ್ (ಹಗುರವಾದ ಕೃತಕ ನೊಣ ಎಸೆದು ಮೀನು ಹಿಡಿಯುವ ಗಾಳದ ಕೋಲು) ಒಂದು ನನ್ನ ಕೈಗೆ ಬಂದಿದೆ. ಉದ್ದ ಎಂಟೂವರೆ ಅಡಿ, ಮೂರು ತುಂಡು, ಜೊತೆಗೆ ಇನ್ನೊಂದು ತುದಿತುಂಡು. ಆ ಎರಡನೆಯ ತುದಿ ಮೊದಲನೆಯದಕ್ಕಿಂತ ಎರಡು ಅಂಗುಲ ಗಿಡ್ಡ. ಇದನ್ನು ಗೋಡೆಗೆ ತೂಗುಹಾಕುವ ಆಸೆ ನನಗಿಲ್ಲ, ನೀರಿಗೆ ಒಯ್ದು ಟ್ರೌಟ್ ಹಿಡಿಯಬೇಕೆಂದೇ ಇಟ್ಟುಕೊಂಡಿದ್ದೇನೆ.

ಸ್ಥಿತಿ ಹೀಗಿದೆ: ವಾರ್ನಿಷ್ ಜೇನಿನ ಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಹಕ್ಕಳೆ ಏಳುತ್ತಿದೆ. ಗೈಡ್‌ಗಳನ್ನು, ಅಂದರೆ ಲೈನ್ (ಗಾಳದ ದಾರ) ಹಾದುಹೋಗುವ ಉಂಗುರಗಳನ್ನು, ಹಿಡಿದಿರುವ ಹಸಿರು ರೇಷ್ಮೆ ನೂಲು ನಾಲ್ಕೈದು ಕಡೆ ಬಿಚ್ಚಿಕೊಂಡಿದೆ. ಹಾವಿನಂತೆ ತಿರುಚಿದ ಸಣ್ಣ ಗೈಡ್‌ಗಳಿಗೆ ತುಕ್ಕು ಹತ್ತಿದೆ, ಆದರೆ ಹಿಡಿಯ ಹತ್ತಿರದ ಅಗೇಟ್ ಕಲ್ಲಿನ ದೊಡ್ಡ ಗೈಡ್ ಬಿರುಕಿಲ್ಲದೆ ಉಳಿದಿದೆ. ನಡುತುಂಡನ್ನು ಬುಡತುಂಡಿಗೆ ಸೇರಿಸಿ ಅಲುಗಿಸಿದರೆ ಫೆರುಲ್ (ತುಂಡುಗಳನ್ನು ಕೂಡಿಸುವ ಲೋಹದ ಕೊಳವೆ) ಬಳಿ ‘ಟಕ್’ ಎಂಬ ಸದ್ದು ಬರುತ್ತದೆ. ಹಿಡಿಯ ಮೇಲ್ಭಾಗದಲ್ಲಿ ಶಾಯಿಯಲ್ಲಿ ಏನೋ ಬರೆದಿದೆ, ಓದಲಾಗುತ್ತಿಲ್ಲ. ಉದ್ದನೆಯ ತುದಿತುಂಡು ಒಂದು ಕಡೆಗೆ ಸ್ವಲ್ಪ ಬಾಗಿದೆ.

ಉಪ್ಪುಕಾಗದದಿಂದ ಎಲ್ಲವನ್ನೂ ತಿಕ್ಕಿ ತೆಗೆದು, ಬರಿಯ ಬಿದಿರಿನಿಂದ ಹೊಸದಾಗಿ ಶುರುಮಾಡೋಣ ಎಂದುಕೊಂಡಿದ್ದೇನೆ. ಇದು ಸರಿಯೇ? ಮತ್ತು ಈ ರಾಡ್‌ಗೆ ಯಾವ ನಂಬರಿನ ಲೈನ್ ಹೊಂದುತ್ತದೆ?

ಬಿದಿರುಗಣ್ಣು (ಉತ್ತರ):

ದಯವಿಟ್ಟು ಉಪ್ಪುಕಾಗದವನ್ನು ಬದಿಗಿಡಿ. ಬೇರೆ ಯಾವ ಸಲಹೆ ಮರೆತರೂ ಇದನ್ನು ಮರೆಯಬೇಡಿ.

ಬಿದಿರಿನ ಗಟ್ಟಿ ನಾರುಗಳು ಒತ್ತೊತ್ತಾಗಿ ಇರುವುದು ಹೊರಸಿಪ್ಪೆಯ ಕೆಳಗೇ. ಒಳಗೆ ಹೋದಷ್ಟೂ ನಾರು ವಿರಳವಾಗಿ ಬೆಂಡು ಹೆಚ್ಚುತ್ತದೆ. ರಾಡ್ ಮಾಡುವವನು ಸೀಳುಗಳನ್ನು 60 ಡಿಗ್ರಿ ಕೋನಕ್ಕೆ ಹೆರೆಯುವಾಗ ಒಳಗಿನದನ್ನು ಮಾತ್ರ ತೆಗೆದು ಹೊರಮುಖವನ್ನು ಕಾಪಾಡುವುದು ಇದಕ್ಕಾಗಿಯೇ. ನೀವು ತಿಕ್ಕುವುದು ಸರಿಯಾಗಿ ಆ ಮುಖವನ್ನೇ. ಇನ್ನು ಲೆಕ್ಕ ನೋಡಿ. ತುದಿತುಂಡಿನ ಕೊನೆ ಸುಮಾರು 1.8 ಮಿಲಿಮೀಟರ್ ದಪ್ಪ ಇರುತ್ತದೆ. ಕೋಲಿನ ಬಿಗಿ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಎದುರುಬದುರು ಮುಖಗಳಿಂದ ಒಟ್ಟು 0.1 ಮಿಲಿಮೀಟರ್ ಸವೆದರೂ ಅಲ್ಲಿನ ಬಿಗಿಯಲ್ಲಿ ಐದನೆಯ ಒಂದು ಪಾಲು ಹೋಗಿಬಿಡುತ್ತದೆ. ನೂಲನ್ನು ಮತ್ತೆ ಸುತ್ತಬಹುದು, ವಾರ್ನಿಷ್ ಮತ್ತೆ ಬಳಿಯಬಹುದು. ಸವೆದ ಬಿದಿರನ್ನು ಮರಳಿ ತರಲು ದಾರಿಯಿಲ್ಲ.

ಮೆರುಗಿನ ಯೋಚನೆ ಕೊನೆಗಿರಲಿ. ಮೊದಲು ತಿಳಿಯಬೇಕಾದದ್ದು ಅಂಟು ಹಿಡಿದಿದೆಯೇ ಎಂಬುದು. ಒಂದೊಂದೇ ತುಂಡನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ, ಒಂದು ಮುಖದಷ್ಟು ತಿರುಗಿಸಿ, ಮತ್ತೆ ಬಾಗಿಸಿ. ಆರೂ ಮುಖಗಳಿಗೆ ಹೀಗೆ ಮಾಡಿ. ಸಣ್ಣ ಕಿಟಿಕಿಟಿ ಸದ್ದು ಬಂದರೆ ಎಲ್ಲೋ ಸೀಳುಗಳು ಬೇರ್ಪಟ್ಟಿವೆ. ಆಮೇಲೆ ಭೂತಗನ್ನಡಿ ಹಿಡಿದು ಸೀಳುಗಳು ಕೂಡುವ ಗೆರೆಗಳನ್ನು ನೋಡುತ್ತಾ ಹೋಗಿ. ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಲ್ಲಿ, ಅದರಲ್ಲೂ ಗಣ್ಣಿನ ಅಕ್ಕಪಕ್ಕ, ಉಗುರಿನಿಂದ ತಟ್ಟಿ. ಗಟ್ಟಿಯಾಗಿರುವ ಕಡೆ ಸದ್ದು ಚುರುಕಾಗಿರುತ್ತದೆ, ಬಿಟ್ಟಿರುವ ಕಡೆ ಬೊದ್ದಾಗಿರುತ್ತದೆ. ಹಳೆಯ ರಾಡ್‌ಗಳಲ್ಲಿ ಬಳಸುತ್ತಿದ್ದುದು ಪ್ರಾಣಿಗಳ ಚರ್ಮ ಕಾಯಿಸಿ ಮಾಡಿದ ಸರೇಸು. ಅದು ನೀರಿಗೂ ಶಾಖಕ್ಕೂ ಸಡಿಲಗೊಳ್ಳುತ್ತದೆ. ಆದ್ದರಿಂದ ಬಿಸಿನೀರು, ಹಬೆ ಯಾವುದೂ ಬೇಡ. ಬಾಗನ್ನು ನೆಟ್ಟಗೆ ಮಾಡಲು ಶಾಖ ಕೊಡುವ ಯೋಚನೆಯನ್ನೂ ಸದ್ಯಕ್ಕೆ ಬಿಡಿ. ಅಲ್ಪಸ್ವಲ್ಪ ಬಾಗಿದ ತುದಿ ಎಸೆತಕ್ಕೆ ಅಷ್ಟೇನೂ ಅಡ್ಡಿ ಮಾಡುವುದಿಲ್ಲ.

ಈಗ ಆ ‘ಟಕ್’ ಸದ್ದು. ಫೆರುಲ್ ಎರಡು ಬಗೆಯಲ್ಲಿ ಸಡಿಲವಾಗುತ್ತದೆ: ಲೋಹಕ್ಕೂ ಲೋಹಕ್ಕೂ ನಡುವೆ ಸವೆದು, ಇಲ್ಲವೇ ಲೋಹಕ್ಕೂ ಬಿದಿರಿಗೂ ನಡುವಿನ ಅಂಟು ಬಿಟ್ಟು. ಸದ್ದು ಬರುವುದು ಹೆಚ್ಚಾಗಿ ಎರಡನೆಯದರಿಂದ, ಮತ್ತು ಅದು ಸುಲಭವಾಗಿ ಸರಿಹೋಗುವಂಥದ್ದು. ಫೆರುಲ್ ಕಿತ್ತುವ ಮುನ್ನ ಅದರ ಮೈಮೇಲೆ ಸೂಜಿಮೊನೆಯಷ್ಟು ಚುಕ್ಕೆ ಇದೆಯೇ ಹುಡುಕಿ. ಅದು ಅಡ್ಡಲಾಗಿ ಹೊಡೆದ ಮೊಳೆ. ಅದನ್ನು ಸಣ್ಣ ಪಂಚ್‌ನಿಂದ ತಳ್ಳಿ ತೆಗೆಯದೆ ಎಳೆದರೆ ಬಿದಿರು ಸೀಳಿಹೋಗುತ್ತದೆ. ಮೊಳೆ ಹೋದ ಮೇಲೆ, ಹತ್ತಿರದ ಬಿದಿರಿಗೆ ಒದ್ದೆ ಬಟ್ಟೆ ಸುತ್ತಿ, ಲೋಹವನ್ನಷ್ಟೇ ಸ್ಪಿರಿಟ್ ದೀಪದ ಮೇಲೆ ತಿರುಗಿಸುತ್ತಾ ಬಿಸಿಮಾಡಿ ನೆಟ್ಟಗೆ ಎಳೆಯಿರಿ. ತಿರುಚಬೇಡಿ, ತಿರುಚಿದರೆ ಸೀಳುಗಳ ಅಂಟು ಬಿಡುತ್ತದೆ. ಹಳೆಯ ಅಂಟನ್ನು ಕೆರೆದು, ಕಾಯಿಸಿ ಹಚ್ಚುವ ಫೆರುಲ್ ಸಿಮೆಂಟಿನಿಂದ ಮತ್ತೆ ಕೂರಿಸಿ. ಮುಂದೊಂದು ದಿನ ಬೇರೊಬ್ಬರು ಬಿಚ್ಚಬೇಕಾದರೂ ಅದು ಬಿಸಿಗೆ ಬಿಟ್ಟುಕೊಡುತ್ತದೆ. ಸೂಪರ್ ಗ್ಲೂ ಹಚ್ಚಬೇಡಿ, ಅದು ಪೆಡಸು, ಬಾಗುವ ಕಡೆ ನಿಲ್ಲುವುದಿಲ್ಲ.

ಫೆರುಲ್‌ನ ಒಳಗನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಸವೆದ ಕಡೆ ಹಳದಿ ಇಣುಕಿದರೆ ಅದು ಲೇಪ ಹಾಕಿದ ಹಿತ್ತಾಳೆ. ಉದ್ದಕ್ಕೂ ಮಂಕು ಬೂದು ಬಣ್ಣವಿದ್ದರೆ ನಿಕಲ್ ಸಿಲ್ವರ್, ಅಂದರೆ ತಾಮ್ರ, ಸತು, ನಿಕಲ್‌ಗಳ ಮಿಶ್ರಲೋಹ. ಎರಡನೆಯದಾದರೆ ನಿಮ್ಮ ರಾಡ್ ಮಾಡಿದವರು ಕಾಸಿಗೆ ಕೈ ಹಿಡಿದವರಲ್ಲ.

ಗಿಡ್ಡ ತುದಿ ಒಮ್ಮೆ ಮುರಿದು ಮೇಲಿನ ಉಂಗುರವನ್ನು ಕೆಳಗೆ ಕೂರಿಸಿದ್ದಿರಬೇಕು. ಹಾಗೇ ಬಳಸಿ, ಸ್ವಲ್ಪ ಬಿಗಿ ಎನಿಸೀತು ಅಷ್ಟೇ. ಜೋಡಿ ಸಮವಾಗಲಿ ಎಂದು ಉದ್ದನೆಯದನ್ನು ಕತ್ತರಿಸಲು ಮಾತ್ರ ಹೋಗಬೇಡಿ.

ಹಳೆಗಾಳ (ಉತ್ತರ):

ಮೇಲಿನ ಮಾತುಗಳಿಗೆ ನನ್ನ ಒಪ್ಪಿಗೆಯಿದೆ. ಆದರೆ ಅದಕ್ಕೂ ಮೊದಲು ಆ ಶಾಯಿಯ ಬರಹ ಓದಿ. 1870ರ ದಶಕದಲ್ಲಿ ಅಮೆರಿಕದ ಮೇನ್ ರಾಜ್ಯದ ಬ್ಯಾಂಗೋರ್‌ನಲ್ಲಿ ಹೈರಮ್ ಲೆನರ್ಡ್ ಆರು ಸೀಳಿನ ರಾಡ್‌ಗಳನ್ನು ತಯಾರಿಸುತ್ತಿದ್ದ. ಇಂಗ್ಲೆಂಡಿನ ಆಲ್ನಿಕ್‌ನಲ್ಲಿ ಹಾರ್ಡಿ ಸಂಸ್ಥೆ ಶುರುವಾದದ್ದು 1872ರಲ್ಲಿ. ಇಂಥವರ ರಾಡ್ ಆಗಿದ್ದರೆ ಮೂಲ ನೂಲು, ಮೂಲ ವಾರ್ನಿಷ್‌ಗಳೇ ಅದರ ಚರಿತ್ರೆ. ಅದನ್ನು ಕೆರೆದ ಮೇಲೆ ಉಳಿಯುವುದು ಒಳ್ಳೆಯ ಬಿದಿರು, ಚರಿತ್ರೆಯಲ್ಲ. ಗೈಡ್‌ಗಳ ನಡುವೆಯೂ ಅಂಗುಲಕ್ಕೊಂದರಂತೆ ಕಿರಿದಾದ ನೂಲುಕಟ್ಟುಗಳಿವೆಯೇ ನೋಡಿ. ಅಂಟಿನ ಮೇಲೆ ಪೂರ್ತಿ ಭರವಸೆ ಇಲ್ಲದಿದ್ದ ಕಾಲದಲ್ಲಿ ಹಾಗೆ ಕಟ್ಟುತ್ತಿದ್ದರು. ಇದ್ದರೆ ರಾಡ್ ಇನ್ನೂ ಹಳೆಯದಿರಬಹುದು. ರೀಲ್ ಕೂರುವ ಲೋಹದ ಮೇಲೆ, ಫೆರುಲ್ ಮೇಲೆ ಮುದ್ರೆ ಇದೆಯೇ ಎಂದೂ ನೋಡಿ. ಬರಹವನ್ನು ಒರೆಸಬೇಡಿ, ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ಫೋಟೋ ತೆಗೆಯಿರಿ.

ತಿಳಿನೀರು:

ಇಬ್ಬರಿಗೂ ಧನ್ಯವಾದ. ಓರೆ ಬೆಳಕಿನಲ್ಲಿ ಒಂದು ಅಂಕಿಯೂ ಕೊನೆಯ ಎರಡು ಅಕ್ಷರಗಳೂ ಕಂಡವು, ಹೆಸರು ಮಾತ್ರ ಅಳಿಸಿಹೋಗಿದೆ. ಮುದ್ರೆ ಎಲ್ಲೂ ಇಲ್ಲ, ನಡುವಿನ ನೂಲುಕಟ್ಟುಗಳೂ ಇಲ್ಲ. ಫೆರುಲ್ ಬೂದು ಬಣ್ಣದ್ದು, ಹಳದಿ ಎಲ್ಲೂ ಇಣುಕಲಿಲ್ಲ. ಮೊಳೆಯ ಚುಕ್ಕೆ ಸಿಕ್ಕಿತು, ವಾರ್ನಿಷ್ ಅಡಿಯಲ್ಲಿ ಮುಚ್ಚಿಹೋಗಿತ್ತು. ಬುಡತುಂಡು ಮತ್ತು ಎರಡೂ ತುದಿಗಳು ಸದ್ದು ಮಾಡುತ್ತಿಲ್ಲ. ನಡುತುಂಡಿನಲ್ಲಿ ಒಂದು ಗಣ್ಣಿನ ಕೆಳಗೆ ನೀವು ಹೇಳಿದಂಥದೇ ಕಪ್ಪು ಗೆರೆ ಇದೆ. ಬಾಗಿಸಿದಾಗ ಅದು ತುಸು ಬಾಯಿ ಬಿಡುತ್ತದೆ. ವಾರ್ನಿಷ್ ಹಕ್ಕಳೆ ಎದ್ದಿರುವುದೂ ಅದರ ಸುತ್ತಲೇ ಹೆಚ್ಚು.

ಬಿದಿರುಗಣ್ಣು:

ಬಾಯಿ ಬಿಡುತ್ತದೆ ಎಂದರೆ ಅಂಟು ಒಳಕ್ಕೆ ಹೋಗಲು ದಾರಿಯಿದೆ ಎಂದು ಅರ್ಥ, ಆದ್ದರಿಂದ ಇದು ಒಳ್ಳೆಯ ಸುದ್ದಿ. ಆ ಭಾಗದ ವಾರ್ನಿಷ್ ತೆಗೆಯಿರಿ. ಚಾಕುವಿನ ಬೆನ್ನನ್ನು ಮುಖಕ್ಕೆ ನೇರವಾಗಿ ನಿಲ್ಲಿಸಿ, ಭಾರ ಹಾಕದೆ ಎಳೆಯಿರಿ. ಒಣಗಿದ ವಾರ್ನಿಷ್ ಪುಡಿಯಾಗಿ ಉದುರುತ್ತದೆ. ಪುಡಿಯ ಬದಲು ಸುರುಳಿ ಬರತೊಡಗಿದರೆ ತಕ್ಷಣ ನಿಲ್ಲಿಸಿ, ಅದು ಬಿದಿರು. ಬಿರುಕು ಬಾಯಿ ತೆರೆಯುವಂತೆ ತುಂಡನ್ನು ಬಾಗಿಸಿ ಹಿಡಿದು, ನಿಧಾನವಾಗಿ ಗಟ್ಟಿಯಾಗುವ ತೆಳು ಎಪಾಕ್ಸಿಯನ್ನು ಬ್ಲೇಡಿನ ಅಂಚಿನಿಂದ ಒಳಕ್ಕೆ ಊಡಿಸಿ, ಬಿಡಿ, ಮತ್ತೆ ಬಾಗಿಸಿ. ಹೀಗೆ ಮಾಡುತ್ತಿದ್ದರೆ ಬಿರುಕೇ ಅಂಟನ್ನು ಎಳೆದುಕೊಳ್ಳುತ್ತದೆ. ಹೊರಗೆ ಉಕ್ಕಿದ್ದನ್ನು ಒರೆಸಿ, ಹತ್ತಿ ದಾರವನ್ನು ಮೊದಲು ಒಂದು ದಿಕ್ಕಿಗೆ, ಆಮೇಲೆ ಅಷ್ಟೇ ಬಿಗಿಯಾಗಿ ಎದುರು ದಿಕ್ಕಿಗೆ ಸುತ್ತಿ. ಒಂದೇ ದಿಕ್ಕಿಗೆ ಸುತ್ತಿದರೆ ತುಂಡು ತಿರುಚಿಕೊಂಡೇ ಗಟ್ಟಿಯಾಗುತ್ತದೆ. ನೇರವಾದ ಹಲಗೆಗೆ ಕಟ್ಟಿಟ್ಟು ಪೂರ್ತಿ ಗಟ್ಟಿಯಾಗಲು ಬಿಡಿ.

ಬೇರೆ ಕಡೆ ವಾರ್ನಿಷ್ ಗಟ್ಟಿಯಾಗಿ ಕೂತಿದ್ದರೆ ಕೆರೆಯಬೇಕಿಲ್ಲ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಂದಿಷ್ಟು ಸೋಪು ಹಾಕಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ, ಮೇಲೆ ಹೊಸದೊಂದು ತೆಳು ಲೇಪ ಕೊಟ್ಟರೆ ಸಾಕು. ದೋಣಿಗಳಿಗೆ ಬಳಸುವ ಸ್ಪಾರ್ ವಾರ್ನಿಷ್ ನನಗೆ ಇಷ್ಟ, ಬಾಗಿದರೂ ಬಿರಿಯುವುದಿಲ್ಲ. ಶಾಯಿಯ ಬರಹದ ಮೇಲಿನ ಹಳೆಯ ಲೇಪವನ್ನು ಮುಟ್ಟದೆ ಅದರ ಮೇಲೆಯೇ ಬಳಿಯಿರಿ.

ನೂಲು ಕತ್ತರಿಸುವ ಮುನ್ನ ಪ್ರತಿ ಗೈಡ್ ತುದಿಯಿಂದ ಎಷ್ಟು ದೂರದಲ್ಲಿದೆ, ಪ್ರತಿ ಕಟ್ಟು ಎಷ್ಟು ಅಗಲ ಎಂದು ಬರೆದಿಟ್ಟುಕೊಳ್ಳಿ. ಹೊಸ ಗೈಡ್‌ನ ಪಾದವನ್ನು ಸಣ್ಣ ಅರದಿಂದ ಇಳಿಜಾರಾಗಿ ಉಜ್ಜಿ, ತುದಿಯನ್ನು ಕಾಗದದಷ್ಟು ತೆಳುವಾಗಿಸಿ, ಅಡಿಯ ಚೂಪು ಅಂಚನ್ನೂ ಸವರಿ. ಬೆರಳಿಗೆ ತಗಲುವ ಅಂಚು ಬಿದಿರಿಗೂ ಚುಚ್ಚುತ್ತದೆ, ರಾಡ್ ಮುರಿಯುವುದು ಅಲ್ಲೇ. ಪಾದ ಇಳಿಜಾರಾಗಿದ್ದರೆ ನೂಲು ಬಿದಿರಿನಿಂದ ಲೋಹದ ಮೇಲೆ ಸಂದಿಲ್ಲದೆ ಹತ್ತುತ್ತದೆ. ಮತ್ತೊಂದು ಮಾತು: ರೇಷ್ಮೆಗೆ ವಾರ್ನಿಷ್ ತಾಗಿದ ಕೂಡಲೇ ಬಣ್ಣ ಮುಳುಗಿ ಪಾರದರ್ಶಕವಾಗುತ್ತದೆ. ತಿಳಿ ಹಸಿರು ಕೂಡ ಗಾಢವಾಗಿ ಕಾಣುತ್ತದೆ. ಹಳೆಯ ಕಟ್ಟಿನ ಬಣ್ಣ ನೋಡಿ ನೂಲು ಆರಿಸದೆ, ಬೇರೊಂದು ಬಿದಿರಿನ ಚೂರಿಗೆ ಸುತ್ತಿ, ವಾರ್ನಿಷ್ ಬಳಿದು, ಒಣಗಿಸಿ ಹೋಲಿಸಿ.

ನೂಲುರುಳೆ (ಉತ್ತರ):

ಲೈನ್ ವಿಚಾರಕ್ಕೆ ಯಾರೂ ಬಂದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ರೇಷ್ಮೆ ಲೈನ್‌ಗಳ ಕಾಲದಲ್ಲಿ ಅಳತೆ ದಪ್ಪದ ಮೇಲಿತ್ತು, ಎಚ್‌ಡಿಎಚ್ ಎಂಬಂಥ ಅಕ್ಷರಗಳಲ್ಲಿ. ನೈಲಾನ್, ಪ್ಲಾಸ್ಟಿಕ್ ಬಂದ ಮೇಲೆ ಒಂದೇ ದಪ್ಪದ ಲೈನ್‌ಗಳು ಬೇರೆ ಬೇರೆ ತೂಗತೊಡಗಿದವು. ಹಾಗಾಗಿ ಮೊದಲ 30 ಅಡಿಯ ತೂಕದ ಮೇಲೆ ನಂಬರು ಕೊಡುವ ಪದ್ಧತಿ ಬಂತು. 5ನೇ ನಂಬರು 140 ಗ್ರೇನ್ (ಸುಮಾರು 9 ಗ್ರಾಂ), 6ನೇ ನಂಬರು 160 ಗ್ರೇನ್. ಎಂಟೂವರೆ ಅಡಿಯ ಟ್ರೌಟ್ ರಾಡ್ ಸಾಮಾನ್ಯವಾಗಿ ಈ ಎರಡರಲ್ಲೊಂದನ್ನು ಒಪ್ಪುತ್ತದೆ. ಡಬಲ್ ಟೇಪರ್ (ಎರಡೂ ತುದಿಗಳತ್ತ ಸಪೂರವಾಗುವ ಲೈನ್) 5ರಿಂದ ಶುರುಮಾಡಿ. 30 ಅಡಿ ಲೈನ್ ಹೊರಗಿದ್ದಾಗ ರಾಡ್ ನಡುವಿನವರೆಗೆ ಬಾಗದೆ ತುದಿಯಷ್ಟೇ ಅಲ್ಲಾಡಿದರೆ 6ಕ್ಕೆ ಹೋಗಿ. ನಡುತುಂಡಿನ ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಈ ಪರೀಕ್ಷೆ ಬೇಡ.

ಬಿದಿರುಗಣ್ಣು:

ತಿಳಿನೀರು ಅವರೇ, ಅಂಟು ಹಚ್ಚುವ ಮುನ್ನ ಬಿರುಕಿನ ಉದ್ದ ಅಳೆದು, ಅದು ಗಣ್ಣನ್ನು ದಾಟಿದೆಯೇ ಎಂದು ಇಲ್ಲಿ ಬರೆಯಿರಿ. ದಾಟಿದ್ದರೆ ಗಣ್ಣಿನ ಇನ್ನೊಂದು ಬದಿಯನ್ನೂ ತೆರೆದು ಅಂಟು ಊಡಿಸಬೇಕಾಗುತ್ತದೆ.