ಬದುವಿಲ್ಲದ ಹೊಲಗಳ ಊರು ಲ್ಯಾಕ್ಸ್ಟನ್: ಒತ್ತುವರಿಯನ್ನು ಅಲ್ಲಿ ಯಾರು ತಡೆಯುತ್ತಾರೆ?

ಪ್ರಶ್ನೆ: ಸಿಂಧನೂರು ಒಕ್ಕಲಿಗ

ಮಾನ್ಯರೇ, ನನ್ನ ಅಕ್ಕನ ಮಗ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಓದುತ್ತಿರುವುದರಿಂದ ಮುಂದಿನ ಬೇಸಿಗೆಯಲ್ಲಿ ಅಲ್ಲಿಗೆ ಹೋಗುವವನಿದ್ದೇನೆ. ಆ ಜಿಲ್ಲೆಯ ಲ್ಯಾಕ್ಸ್ಟನ್ ಎಂಬ ಸಣ್ಣ ಹಳ್ಳಿಯಲ್ಲಿ ಬೇಲಿಯಾಗಲಿ ಬದುವಾಗಲಿ ಇಲ್ಲದ ದೊಡ್ಡ ಹೊಲಗಳನ್ನು ಹಲವು ರೈತರು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಇಂದಿಗೂ ಉಳುತ್ತಾರೆಂದು ಅವನು ಹೇಳುತ್ತಾನೆ. ನಮ್ಮ ಎರಿ ಭೂಮಿಯಲ್ಲಿ ಬದುವಿದ್ದೂ ಪ್ರತಿ ವರ್ಷ ಕುಂಟೆ ಹೊಡೆಯುವಾಗ ಅದು ಗೇಣುದ್ದ ಪಕ್ಕಕ್ಕೆ ಸರಿಯುತ್ತದೆ, ಬಾಂದುಕಲ್ಲು ಮಾತ್ರ ಕಾಣೆಯಾಗುತ್ತದೆ. ಹಾಗಿರುವಾಗ ಬದುವೇ ಇಲ್ಲದ ಕಡೆ ಜಗಳವಿಲ್ಲದೆ ಹೇಗೆ ನಡೆಯುತ್ತದೆ? ಸುತ್ತಮುತ್ತ ನೋಡತಕ್ಕದ್ದು ಏನಿದೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕೊಪ್ಪಳದ ಇತಿಹಾಸ ಮೇಷ್ಟ್ರು

ನಿಮ್ಮ ಅಳಿಯ ಹೇಳಿದ್ದು ನಿಜ. ಅಲ್ಲಿ ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ಮಹಾ ಹೊಲಗಳಿದ್ದು, ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ ಇರುತ್ತದೆ. ಮೂರನೆಯದನ್ನು ಬೀಳು ಬಿಡುತ್ತಾರೆ ಅಥವಾ ಮೇವಿಗೆ ಇಡುತ್ತಾರೆ. ಮರುವರ್ಷ ಸರದಿ ಬದಲಾಗುತ್ತದೆ. ಪ್ರತಿ ಹೊಲದಲ್ಲೂ ಒಬ್ಬೊಬ್ಬ ರೈತನಿಗೆ ಬೇರೆ ಬೇರೆ ಕಡೆ ಪಟ್ಟಿಗಳಿರುವುದರಿಂದ ಯಾವ ಹೊಲ ಬೀಳು ಬಿದ್ದರೂ ಯಾರ ಮನೆಯೂ ಬರಿದಾಗುವುದಿಲ್ಲ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೆಯವನು ಬರೆದ ನಕ್ಷೆಯಲ್ಲಿ ಈ ಪಟ್ಟಿಗಳೆಲ್ಲ ಕಾಣುತ್ತವೆ. ಅಂದಿಗಿಂತ ಇಂದಿನ ಪಟ್ಟಿಗಳು ಅಗಲವಾಗಿವೆ, ಸಂಖ್ಯೆಯಲ್ಲಿ ಕಡಿಮೆ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಅಲ್ಲಿಯ ಕೋರ್ಟ್ ಲೀಟ್ ಎಂಬ ಹಳ್ಳಿಯ ನ್ಯಾಯಸಭೆ. ನವೆಂಬರ್ ಕೊನೆಯ ಹೊತ್ತಿಗೆ, ಗೋಧಿ ಬಿತ್ತಿದ ಮೇಲೆ, ಪಂಚರಾಗಿ ಆಯ್ಕೆಯಾದ ರೈತರು ಆ ಹೊಲವನ್ನು ಸುತ್ತಿ, ಪಟ್ಟಿಗಳ ಗಡಿಗೆ ಮರದ ಗೂಟ ಬಡಿಯುತ್ತಾರೆ. ಯಾರಾದರೂ ಬಂಡಿದಾರಿಯನ್ನೋ, ಸೈಕ್ ಎಂದು ಕರೆಯುವ ಉಳದ ಹುಲ್ಲುಪಟ್ಟಿಯನ್ನೋ ಒತ್ತಿ ಉತ್ತಿದ್ದರೆ ಬರೆದುಕೊಳ್ಳುತ್ತಾರೆ. ಒಂದು ವಾರದ ನಂತರ ಊರಿನ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಸಭೆ ಸೇರಿ ದಂಡ ಹಾಕುತ್ತಾರೆ. ದಂಡದ ಮೊತ್ತ ಅಲ್ಪ. ಊರವರ ಎದುರು ಹೆಸರು ಕೂಗಿಸಿಕೊಳ್ಳುವುದೇ ದೊಡ್ಡ ಶಿಕ್ಷೆಯೆಂದು ನನಗನಿಸುತ್ತದೆ. 1977ರ ಕಾನೂನು ಇಂಥ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ತೆಗೆದುಹಾಕಿದಾಗಲೂ ಲ್ಯಾಕ್ಸ್ಟನ್ನಿನದನ್ನು ಉಳಿಸಿತು.

ಉತ್ತರ: ಮಾನ್ವಿ ಹತ್ತಿಹೊಲ

ಮೇಷ್ಟ್ರೇ, ಇದು ನಮಗೆ ಹೊಸದೇನಲ್ಲ. ದೈವದವರು, ಅಂದರೆ ಊರ ಹಿರಿಯರು, ಕಟ್ಟೆಯ ಮೇಲೆ ಕುಳಿತು ಬದುವಿನ ತಂಟೆ ಬಗೆಹರಿಸುವುದು ನಮ್ಮ ಊರುಗಳಲ್ಲೂ ಇತ್ತು. ವರ್ಷಕ್ಕೊಮ್ಮೆ ಹಿಂಗಾರಿ ಬಿತ್ತನೆಯಾದ ಮೇಲೆ ಐದಾರು ಹಿರಿಯರು ಹೊಲ ಸುತ್ತಿ ಬಂದರೆ ಅರ್ಧ ವ್ಯಾಜ್ಯಗಳು ತಹಶೀಲ್ದಾರರ ಕಚೇರಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ನಾವೂ ಇದನ್ನು ಮತ್ತೆ ಏಕೆ ಆರಂಭಿಸಬಾರದು?

ಉತ್ತರ: ಬಳ್ಳಾರಿ, ನಿವೃತ್ತ ಭೂಮಾಪಕ

ತಮ್ಮಾ, ಹೊಲ ಸುತ್ತುವುದು ಒಳ್ಳೆಯದೇ, ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಲ್ಯಾಕ್ಸ್ಟನ್ನಿನ ರೈತರು ಮಾಲೀಕರಲ್ಲ, ಗೇಣಿದಾರರು. 1604ರಿಂದ 1914ರವರೆಗೆ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಕಾಯ್ದೆಗಳನ್ನು ಮಾಡಿ ಇಂಗ್ಲೆಂಡಿನ ಇಂಥ ಬಯಲು ಹೊಲಗಳಿಗೂ ಊರೊಟ್ಟಿನ ಭೂಮಿಗೂ ಬೇಲಿ ಹಾಕಿಸಿತು. ಲ್ಯಾಕ್ಸ್ಟನ್ನಿನಲ್ಲಿ ಇಬ್ಬರು ದೊಡ್ಡ ಭೂಮಾಲೀಕರ ನಡುವೆ ಒಪ್ಪಂದ ಕೂಡಿಬರದ ಕಾರಣ ಕೆಲಸ ಅರ್ಧಕ್ಕೆ ನಿಂತಿತೆಂದು ಇತಿಹಾಸಕಾರರು ಹೇಳುತ್ತಾರೆ. 1952ರಲ್ಲಿ ಮ್ಯಾನ್ವರ್ಸ್ ಮನೆತನದಿಂದ ಕೃಷಿ ಸಚಿವಾಲಯ ಜಮೀನನ್ನು ಕೊಂಡಿತು, 1981ರಲ್ಲಿ ಅದು ರಾಜಪೀಠದ ಆಸ್ತಿಯನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಎಂಬ ಸಂಸ್ಥೆಗೆ ಹೋಯಿತು, 2020ರಲ್ಲಿ ಹತ್ತಿರದ ಖಾಸಗಿ ಜಮೀನುದಾರಿಯಾದ ಥೋರ್ಸ್ಬಿ ಎಸ್ಟೇಟು ಅದನ್ನು ಪಡೆಯಿತು. ಒಡೆಯ ಬದಲಾದರೂ ಹೊಲ ಹೋಳಾಗಲಿಲ್ಲ.

ನಮ್ಮಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧ. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನಾದ, ಅದು ನ್ಯಾಯವೇ ಆಗಿತ್ತು. ಆ ಮೇಲೆ ಅಣ್ಣತಮ್ಮಂದಿರ ಪಾಲಿನಲ್ಲಿ ಪಹಣಿ ತುಂಡು ತುಂಡಾಯಿತು. ನಾಲ್ಕು ಎಕರೆಯನ್ನು ಮೂವರು ಹಂಚಿಕೊಂಡು, ಒಳಗಿನ ಪಾಲಿಗೆ ಬಂಡಿದಾರಿಯನ್ನೇ ಬಿಡದ ಹೊಲಗಳನ್ನು ನಾನು ಸರಪಳಿ ಹಿಡಿದು ಅಳೆದಿದ್ದೇನೆ. ಬೆಳೆಸರದಿಯನ್ನು ಊರೆಲ್ಲ ಸೇರಿ ನಿರ್ಧರಿಸುವುದಕ್ಕೆ ಇಂದು ಯಾವ ಪಟ್ಟಾದಾರನೂ ಒಪ್ಪಲಾರ, ಕಾಲುವೆಯ ನೀರು ಮೇಲ್ಭಾಗದಲ್ಲೇ ಮುಗಿಯುವ ಕಡೆ ಅಂತೂ ಸಾಧ್ಯವೇ ಇಲ್ಲ. ಆದರೆ ದಾರಿ ಮತ್ತು ಊರ ದನ ಮೇಯುವ ಗಾಯರಾಣದ ಒತ್ತುವರಿಯನ್ನು ನೋಡಲು ಪಂಚಾಯಿತಿಯವರು ಬಿತ್ತನೆಯಾದ ಕೂಡಲೇ ಹೊಲ ಸುತ್ತಬಹುದು, ಏಕೆಂದರೆ ಅವು ಯಾರೊಬ್ಬರ ಪಹಣಿಯಲ್ಲೂ ಇಲ್ಲ. ಅಷ್ಟನ್ನು ಎರವಲು ತರಬಹುದು.

ಉತ್ತರ: ಕೊಪ್ಪಳದ ಇತಿಹಾಸ ಮೇಷ್ಟ್ರು

ಭೂಮಾಪಕರ ಮಾತನ್ನು ಒಪ್ಪುತ್ತೇನೆ. ಪ್ರಯಾಣದ ವಿಷಯವಾಗಿ ಎರಡು ಮಾತು. ಆ ಊರಿನಲ್ಲಿ ರೈತರ ಮನೆಗಳು ಹೊಲದಲ್ಲಿರದೆ, ನಮ್ಮ ಊರುಗಳ ಹಾಗೆ ಬೀದಿಯ ಉದ್ದಕ್ಕೂ ಸಾಲಾಗಿವೆ, ಹೆಚ್ಚಿನವು ಕೆಂಪು ಇಟ್ಟಿಗೆಯವು. ಊರಿನ ಉತ್ತರಕ್ಕೆ ಹಳೆಯ ಕೋಟೆಯ ಮಣ್ಣಿನ ದಿಬ್ಬವಿದೆ. ಹತ್ತಿರದಲ್ಲಿ ಶೆರ್‌ವುಡ್ ಕಾಡಿದೆ. ಸೌತ್‌ವೆಲ್ ಎಂಬ ಪಟ್ಟಣದ ದೊಡ್ಡ ಚರ್ಚಿನಲ್ಲಿ 13ನೆಯ ಶತಮಾನದ ಕಲ್ಲಿನ ಎಲೆಗಳ ಕೆತ್ತನೆಯಿದ್ದು, ಇಟಗಿಯ ಮಹಾದೇವ ದೇವಾಲಯವನ್ನು ನೋಡಿದ ಕಣ್ಣಿಗೂ ಅದು ಹಿಡಿಸುತ್ತದೆ. ಬೇಸಿಗೆಯಲ್ಲಿ ಹೋದರೆ ಗೂಟ ಬಡಿಯುವುದು ಕಾಣಸಿಗದು, ಗೋಧಿ ಮಾತ್ರ ತೆನೆಯಲ್ಲಿರುತ್ತದೆ. ಹೊಲಗಳ ನಡುವೆ ಸಾರ್ವಜನಿಕ ಕಾಲುದಾರಿಗಳಿವೆ, ಅವನ್ನು ಬಿಟ್ಟು ಬೆಳೆಗೆ ಇಳಿಯಬೇಡಿ. ಮಣ್ಣು ಜೇಡಿಯಾದ್ದರಿಂದ ಮಳೆ ಬಿದ್ದ ದಿನ ಗಟ್ಟಿ ಬೂಟು ಬೇಕು.