ಕಲಬುರಗಿ ಮನಿಗೆ ಖೋಲಿವಾರು ಎಸಿ: ಹಾಕಿಸಿದವರು ಹೇಳ್ರಿ

ಕಲಬುರಗಿಯೊಳಗ ಎರಡಂತಸ್ತಿನ ಮನಿ ಕಟ್ಟಿಸಲಿಕತ್ತೀವಿ. ಇಡೀ ಮನಿಗೆ ಡಕ್ಟ್ ಎಸಿ (ಒಂದ ಮಷೀನಿನ ತಂಪು ಗಾಳಿ ದೊಡ್ಡ ಕೊಳವಿಯಿಂದ ಎಲ್ಲಾ ಖೋಲಿಗೆ ಹೋಗೂದು) ಹಾಕಿ ಖೋಲಿಗೊಂದು ಥರ್ಮೋಸ್ಟಾಟ್ (ಎಷ್ಟು ತಂಪು ಬೇಕಂತ ಇಡೂ ಸಾಧನ) ಇಡ್ರಿ ಅಂತಾರ ಒಬ್ಬರು. ಖೋಲಿಗೊಂದು ಬ್ಯಾರೆ ಬ್ಯಾರೆ ಸ್ಪ್ಲಿಟ್ ಎಸಿ ಸಾಕು ಅಂತಾರ ಇನ್ನೊಬ್ಬರು. ಅನುಭವ ಇದ್ದವರು ತಿಳಿಸ್ರಿ.

ಸೇಡಂ ರೋಡಿನಿಂದ:
ಮೊದಲು ಮನಿ ಯಾವ ಹೊತ್ತಿನಾಗ ಎಲ್ಲಿ ಕಾಯ್ತದ ನೋಡ್ರಿ. ನಮ್ಮ ಮ್ಯಾಲಿನ ಖೋಲಿ ನಡುರಾತ್ರಿ ಆದ್ರೂ ತಣ್ಣಗಾಗೂದಿಲ್ಲ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಒಳಗ ಬಿಸಿ ಬಿಡ್ತದ. ಕೆಳಗ ಶಹಾಬಾದ್ ಪರ್ಸಿ ಹಾಸಿದ ಹಾಲಿಗೆ ಫ್ಯಾನ್ ಸಾಕಾಗ್ತದ. ಎರಡೂ ಒಂದ ಥರ್ಮೋಸ್ಟಾಟಿಗೆ ಬಿಟ್ರ ಕೆಳಗ ಚಳಿ, ಮ್ಯಾಲ ಧಗಿ. ಹಂಗಾಗಿ ಭಾಗ ಮಾಡೂದು ಬೇಕೇ ಬೇಕು, ಆದ್ರ ಅದಕ್ಕ ಡಕ್ಟೇ ಆಗಬೇಕಂತಿಲ್ಲ. ಡಕ್ಟಿನಾಗ ಖೋಲಿ ಖೋಲಿಗೆ ಡ್ಯಾಂಪರ್ ಅಂತ ಮುಚ್ಚಳ ಇರ್ತಾವ. ಮೂರು ಖೋಲಿ ಮುಚ್ಚಿ ಒಂದ ಖೋಲಿ ಅಷ್ಟ ತೆರೆದ್ರ ಗಾಳಿ ಸಾಲದ, ಮಷೀನಿನೊಳಗ ಹವಾ ತಣ್ಣಗ ಮಾಡೂ ಕೊಳವಿ ಸುರುಳಿಗೆ (ಕಾಯಿಲ್) ಬರ್ಫ ಕಟ್ಟಬಹುದು. ಬೇಕಾದಷ್ಟಕ್ಕ ತಾನ ವೇಗ ಇಳಿಸೂ ಮಷೀನ್ ಇದ್ರ ಮಾತ್ರ ಆ ಕಡೆ ಹೋಗ್ರಿ.

ನಾವು ಮಲಗೂ ಖೋಲಿಗೊಂದು ಇನ್ವರ್ಟರ್ (ತಾನ ವೇಗ ಇಳಿಸೂ) ಸ್ಪ್ಲಿಟ್ ಹಾಕ್ಸೀವಿ. 26ಕ್ಕ ಇಟ್ಟು ಫ್ಯಾನ್ ಸಣ್ಣಗ ಬಿಡ್ತೀವಿ, ಸುಖ ನಿದ್ದಿ ಬರ್ತದ. ಒಂದು ಕೆಟ್ರೂ ಎಲ್ಲಾರೂ ಇನ್ನೊಂದು ಖೋಲ್ಯಾಗ ಮಲಗಬಹುದು. ಒಂದ ಔಟ್‌ಡೋರಿಗೆ ಮೂರು-ನಾಕು ಇಂಡೋರ್ ಜೋಡಿಸೂ ಮಲ್ಟಿ ಸ್ಪ್ಲಿಟಿನಾಗ ಆ ಧೈರ್ಯ ಇಲ್ಲ, ಹೊರಗಿನ ಡಬ್ಬಿಯ ಕಂಪ್ರೆಸರ್ ನಿಂತ್ರ ಎಲ್ಲಾ ಖೋಲಿನೂ ನಿಂತಂಗ. ಮೇ ತಿಂಗಳ 42 ಡಿಗ್ರಿಯೊಳಗ ಮನ್ಯಾಗ ವಯಸ್ಸಾದವರಿದ್ರ ಇದು ಸಣ್ಣ ಮಾತಲ್ಲ.

ಶಹಾಬಾದದಿಂದ:
ಹಾಲಿಗೆ ಕೂಲರ್ ಇಡ್ರಿ. ಏಪ್ರಿಲ್, ಮೇ ಒಣ ಹವಾದಾಗ ಭಾಳ ಛಲೋ ನಡೀತದ, ಆದ್ರ ಎದುರಿನ ಕಿಟಕಿ ತೆರೆದಿರಬೇಕು. ಜೂನಿನಾಗ ಮಳಿ ಬಿದ್ದ ಮ್ಯಾಲ ಬರೇ ಅಂಟಂಟು. ಎಸಿ ಖೋಲಿಗೆ ಕೂಲರಿನ ಹಸಿ ಗಾಳಿ ನುಗ್ಗದಂಗ ನಡುವಿನ ಬಾಗಿಲ ಮುಚ್ಚಿರ್ರಿ, ಇಲ್ಲಂದ್ರ ಆ ನೀರಿನಂಶ ತೆಗಿಯೂದಕ್ಕೇ ಎಸಿ ಕರೆಂಟ್ ತಿಂತದ.

ಬೀದರಿನಿಂದ:
ನಮ್ಮ ಊರು ಎತ್ತರದಾಗ ಅದ, ಡಿಸೆಂಬರ್-ಜನವರಿ ಮುಂಜಾನಿ ಥಂಡಿ ಜಾಸ್ತಿ. ಅವ್ವನ ಖೋಲಿಗಷ್ಟ ಹಾಟ್ ಅಂಡ್ ಕೋಲ್ಡ್ ಸ್ಪ್ಲಿಟ್ ಹಾಕ್ಸೀವಿ. ಕೆಂಪಗ ಕಾಯೂ ಹೀಟರಿಗಿಂತ ಕರೆಂಟ್ ಭಾಳ ಕಡಿಮಿ, ಯಾಕಂದ್ರ ಈ ಎಸಿ ಹೊರಗಿನ ಹವಾದಾಗಿನ ಬಿಸಿನ ಎಳದು ಒಳಗ ತರ್ತದ. ಉಳಿದ ಖೋಲಿಗೆ ಕೌದಿ ಸಾಕು.

ಮತ್ತ ಸೇಡಂ ರೋಡಿನಿಂದ:
ಮರೆತಿದ್ದೆ, ಮಾಳಿಗಿಗೆ ಬ್ಯಾಸಗಿ ಮುಂಚೆ ಬಿಳಿ ಸುಣ್ಣ ಹೊಡಸ್ರಿ. ಗಿಲಾವ್ ಮಾಡೂ ಮುಂಚೆ ಎಸಿ ನೀರಿನ ಪೈಪ್ ಗೋಡ್ಯಾಗ ಇಳಿಜಾರಾಗಿ ಕೂಡಸ್ರಿ.